ಮರೆವು ಬಂದ ಹಿರಿಯರು, ನಾವು ಮರೆಯಬಾರದ ಮನೆಮಂದಿ



‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮನೆಯ ಹಿರಿಯರು ಇಟ್ಟ ವಸ್ತುವನ್ನು ಮರೆತಾಗ, ಹೇಳಿದ ಮಾತನ್ನೇ ಮತ್ತೆ ಮತ್ತೆ ಹೇಳಿದಾಗ ಈ ಗಾದೆ ತಾನಾಗಿಯೇ ನಾಲಗೆಗೆ ಬರುತ್ತದೆ. ಕೇಳಿದವರು ನಗುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಆ ನಗುವಿನಲ್ಲಿ ಒಂದು ಅಪಾಯ ಅಡಗಿದೆ. ವಯಸ್ಸಾದ ಮೇಲೆ ಬುದ್ಧಿ ಕೆಡುವುದು ಸಹಜವೆಂದು ಗಾದೆ ನಮ್ಮನ್ನು ಸಮಾಧಾನಪಡಿಸುತ್ತದೆ. ಹೀಗಾಗಿ ರೋಗವೊಂದು ಮನೆಯೊಳಗೆ ಕಾಲಿಟ್ಟು ಎರಡು ಮೂರು ವರ್ಷಗಳಾದರೂ ಅದನ್ನು ರೋಗವೆಂದು ಗುರುತಿಸುವವರು ಇರುವುದಿಲ್ಲ.

ವಯಸ್ಸು ಹೆಚ್ಚಿದಂತೆ ಈ ರೋಗದ ಸಂಭವ ಹೆಚ್ಚುವುದು ನಿಜ. ಆದರೆ ವಯಸ್ಸಾದವರೆಲ್ಲರ ಬುದ್ಧಿ ಮಂಕಾಗುವುದಿಲ್ಲ. ವರಕವಿ ದ.ರಾ. ಬೇಂದ್ರೆಯವರು ಅರವತ್ತರ ಆಸುಪಾಸಿನಲ್ಲಿ ಹೊರತಂದ ಸಂಕಲನಕ್ಕೆ ‘ಅರಳು ಮರಳು’ ಎಂದೇ ಹೆಸರಿಟ್ಟರು. 1958ರಲ್ಲಿ ಅದು ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾಯಿತು. 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ನೂರು ದಾಟಿದ ಮೇಲೂ ಪೂಜೆ, ಭಕ್ತರ ದರ್ಶನ, ಮಕ್ಕಳ ಯೋಗಕ್ಷೇಮಗಳ ದಿನಚರಿಯನ್ನು ಬಿಟ್ಟವರಲ್ಲ. ಆದ್ದರಿಂದ ಹಿರಿಯರೊಬ್ಬರ ನಡೆನುಡಿ ಹಿಂದಿನಂತಿಲ್ಲವೆಂದು ಕಂಡಾಗ ಗಾದೆಯನ್ನು ಬದಿಗಿಟ್ಟು ವೈದ್ಯರನ್ನು ಕೇಳುವುದು ಮನೆಮಂದಿಯ ಮೊದಲ ಕರ್ತವ್ಯ.

ಮರೆಗುಳಿ ರೋಗವೆಂದರೇನು?

ವೈದ್ಯರು ಡಿಮೆನ್ಷಿಯಾ ಎಂದು ಕರೆಯುವುದನ್ನು ಕನ್ನಡದಲ್ಲಿ ಮರೆಗುಳಿ ರೋಗವೆನ್ನುತ್ತೇವೆ. ಇದು ಮಿದುಳಿನ ಜೀವಕೋಶಗಳು ಕ್ರಮೇಣ ನಶಿಸುವುದರಿಂದ ಬರುವ ಸ್ಥಿತಿ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದುದು ಆಲ್‌ಝೈಮರ್ ಕಾಯಿಲೆ. ಜರ್ಮನಿಯ ವೈದ್ಯ ಅಲೋಯ್ಸ್ ಆಲ್‌ಝೈಮರ್ ಅವರು 1906ರಲ್ಲಿ ತಮ್ಮ ರೋಗಿಯಾಗಿದ್ದ ಮಹಿಳೆಯೊಬ್ಬರ ಮಿದುಳನ್ನು ಪರೀಕ್ಷಿಸಿ ಇದನ್ನು ಮೊದಲು ವಿವರಿಸಿದ್ದರಿಂದ ಆ ಹೆಸರು ಬಂದಿದೆ. ಮಿದುಳಿನ ರಕ್ತನಾಳಗಳು ಕಟ್ಟಿಕೊಳ್ಳುವುದರಿಂದಲೂ ಮರೆಗುಳಿತನ ಬರುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆಗಳನ್ನು ಹತೋಟಿಯಲ್ಲಿಡದವರಲ್ಲಿ ಇದು ಹೆಚ್ಚು.

ಸಾಮಾನ್ಯ ಮರೆವಿಗೂ ರೋಗದ ಮರೆವಿಗೂ ವ್ಯತ್ಯಾಸವಿದೆ. ಕನ್ನಡಕ ಎಲ್ಲಿಟ್ಟೆನೆಂದು ಹುಡುಕಿ, ಸಿಕ್ಕ ಮೇಲೆ ‘ಇಲ್ಲೇ ಇಟ್ಟಿದ್ದೆನಲ್ಲ’ ಎನ್ನುವುದು ಎಲ್ಲರಿಗೂ ಆಗುವಂಥದ್ದು. ನಲವತ್ತು ವರ್ಷ ಸಂತೆ ಮಾಡಿದವರು ಚಿಲ್ಲರೆ ಎಣಿಸಲು ತಡವರಿಸುವುದು, ಸ್ವಂತ ಹೊಲದಿಂದ ಮನೆಗೆ ಬರುವ ದಾರಿ ತಪ್ಪುವುದು, ಹತ್ತು ನಿಮಿಷದ ಹಿಂದೆ ಉಂಡು ‘ಇನ್ನೂ ಊಟಕ್ಕೆ ಹಾಕಿಲ್ಲ’ ಎನ್ನುವುದು, ರೊಟ್ಟಿ ಬಡಿಯುವ ಕ್ರಮವನ್ನೇ ಅವ್ವ ನಡುವೆ ಮರೆತು ನಿಲ್ಲುವುದು, ಮಗನನ್ನು ತನ್ನ ತಮ್ಮನೆಂದು ಕರೆಯುವುದು – ಇವು ರೋಗದ ಸೂಚನೆಗಳು. ಕೆಲವರಲ್ಲಿ ಮರೆವಿಗಿಂತ ಮೊದಲು ಸ್ವಭಾವ ಬದಲಾಗುತ್ತದೆ. ಶಾಂತರಾಗಿದ್ದವರು ಸಿಡಿಮಿಡಿಗೊಳ್ಳುತ್ತಾರೆ, ಎಲ್ಲರೊಡನೆ ಬೆರೆಯುತ್ತಿದ್ದವರು ಮೂಲೆ ಹಿಡಿಯುತ್ತಾರೆ.

ಇಂಥ ಲಕ್ಷಣಗಳೆಲ್ಲ ವಾಸಿಯಾಗದ ರೋಗದಿಂದಲೇ ಬಂದಿರಬೇಕೆಂದೇನೂ ಇಲ್ಲ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ಔಷಧಗಳ ದುಷ್ಪರಿಣಾಮ ಇವುಗಳಿಂದಲೂ ಮರೆವು ಬರುತ್ತದೆ. ಅವನ್ನು ಚಿಕಿತ್ಸೆಯಿಂದ ಸರಿಪಡಿಸಬಹುದು. ಬೇಗನೆ ತೋರಿಸಬೇಕೆಂದು ವೈದ್ಯರು ಒತ್ತಿ ಹೇಳುವುದು ಇದಕ್ಕಾಗಿಯೇ. ಆಲ್‌ಝೈಮರ್ ಕಾಯಿಲೆಯನ್ನು ಸಂಪೂರ್ಣ ಗುಣಪಡಿಸುವ ಔಷಧ ಇನ್ನೂ ಬಂದಿಲ್ಲ. ಆದರೂ ಕೆಲ ಲಕ್ಷಣಗಳನ್ನು ತಗ್ಗಿಸುವ ಮಾತ್ರೆಗಳಿವೆ, ಒಳ್ಳೆಯ ಆರೈಕೆಯಿಂದ ಹಿರಿಯರ ದಿನಗಳನ್ನು ನೆಮ್ಮದಿಯಾಗಿ ಕಳೆಯುವಂತೆ ಮಾಡಬಹುದು. ಗಾಳಿ ಸೋಂಕಿದೆ, ಮಾಟ ಮಾಡಿಸಿದ್ದಾರೆ ಎಂದು ತಾಯತ ಕಟ್ಟಿಸುತ್ತ ವರ್ಷ ಕಳೆಯುವ ಕುಟುಂಬಗಳಿವೆ. ಮಠಕ್ಕೆ ಬಂದು ಆಶೀರ್ವಾದ ಪಡೆಯಿರಿ, ವಿಭೂತಿ ಧರಿಸಿ. ಅದರೊಡನೆ ಆಸ್ಪತ್ರೆಯ ದಾರಿಯನ್ನೂ ಹಿಡಿಯಿರಿ.

ನಮ್ಮ ಊರುಗಳಲ್ಲಿ ಎಷ್ಟು ಜನ?

ಇದು ನಗರದವರ ಕಾಯಿಲೆ ಎಂಬ ಭಾವನೆ ಹಲವರಲ್ಲಿದೆ. ದೇಶದಾದ್ಯಂತ ನಡೆದ ದೊಡ್ಡ ಅಧ್ಯಯನವೊಂದು ಬೇರೆಯದನ್ನೇ ಹೇಳಿದೆ. ಅದರಂತೆ ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಹಿರಿಯರಿಗೆ, ಮರೆಗುಳಿ ರೋಗವಿದೆ. ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ, ಪುರುಷರಿಗಿಂತ ಮಹಿಳೆಯರಲ್ಲಿ, ಓದು ಬರಹ ಕಲಿತವರಿಗಿಂತ ಕಲಿಯದವರಲ್ಲಿ ಇದರ ಪ್ರಮಾಣ ಹೆಚ್ಚು. ಶಾಲೆಯ ಮೆಟ್ಟಿಲು ಹತ್ತದೆ ಹೊಲಮನೆಗಳಲ್ಲಿ ದುಡಿದು ಮುಪ್ಪಾದ ನಮ್ಮ ಭಾಗದ ತಾಯಂದಿರೇ ಈ ಲೆಕ್ಕದ ನಡುವೆ ಇದ್ದಾರೆ.

2011ರ ಜನಗಣತಿಯಂತೆ ನಮ್ಮ ರಾಜ್ಯದ ಜನಸಂಖ್ಯೆಯಲ್ಲಿ ನೂರಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ 60 ವರ್ಷ ದಾಟಿದವರು. ಮೂರು ಸಾವಿರ ಜನರಿರುವ ಒಂದು ಊರನ್ನು ತೆಗೆದುಕೊಳ್ಳಿ. ಅಲ್ಲಿ ಸುಮಾರು 280 ಹಿರಿಯರಿದ್ದರೆ, ಮೇಲಿನ ಲೆಕ್ಕದಂತೆ ಇಪ್ಪತ್ತರಷ್ಟು ಮನೆಗಳಲ್ಲಿ ಈ ರೋಗವಿರಬಹುದು. ಇಟಗಿ, ತಳಕಲ್, ಬನ್ನಿಕೊಪ್ಪ, ಭಾನಾಪುರದಂಥ ಊರುಗಳಲ್ಲಿ ಇಂಥ ಎಷ್ಟು ಮನೆಗಳನ್ನು ನಾವು ಬಲ್ಲೆವು? ಒಂದೋ ಎರಡೋ. ಉಳಿದ ಮನೆಗಳು ಬಾಗಿಲು ಮುಂದೆಮಾಡಿಕೊಂಡು ತಮ್ಮ ಕಷ್ಟವನ್ನು ತಾವೇ ಉಣ್ಣುತ್ತಿವೆ. ದುಡಿಯುವ ವಯಸ್ಸಿನವರು ಬೆಂಗಳೂರು, ಗೋವಾಗಳಿಗೆ ಗುಳೆ ಹೋದ ಮನೆಗಳಲ್ಲಂತೂ ಮುಪ್ಪಿನ ಯಜಮಾನರನ್ನು ಮುಪ್ಪಿನ ಮಡದಿಯೇ ನೋಡಿಕೊಳ್ಳಬೇಕಾಗಿದೆ.

ಆರೈಕೆ ಮಾಡುವವರ ಪಾಡು

ರೋಗಿಯ ಸಂಕಟ ಒಂದು ಬಗೆಯದಾದರೆ, ಅವರನ್ನು ನೋಡಿಕೊಳ್ಳುವವರ ಸಂಕಟ ಇನ್ನೊಂದು ಬಗೆಯದು. ಆರೈಕೆಯ ಹೊಣೆ ಬಹುತೇಕ ಮಡದಿಗೆ, ಮಗಳಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಸೊಸೆಗೆ ಬರುತ್ತದೆ. ಸ್ನಾನ ಮಾಡಿಸುವುದು, ಉಣಿಸುವುದು, ಬಟ್ಟೆ ಬದಲಿಸುವುದು ಹಗಲಿನ ಕೆಲಸ. ಸಂಜೆಯಾಗುತ್ತಲೇ ಕೆಲವು ಹಿರಿಯರ ತಳಮಳ ಹೆಚ್ಚಾಗುತ್ತದೆ. ‘ನಮ್ಮ ಮನೆಗೆ ಹೋಗೋಣ’ ಎಂದು ತಮ್ಮದೇ ಮನೆಯಲ್ಲಿ ಕುಳಿತು ಹಟ ಹಿಡಿಯುತ್ತಾರೆ. ರಾತ್ರಿ ಎದ್ದು ಅಗಳಿ ತೆಗೆದು ಹೊರಡುತ್ತಾರೆ. ನೋಡಿಕೊಳ್ಳುವವರಿಗೆ ನಿದ್ದೆಯಿಲ್ಲ, ರಜೆಯಿಲ್ಲ, ಎಂದು ಮುಗಿಯುವುದೆಂಬ ಅಂದಾಜಿಲ್ಲ. ಹೀಗೆ ಏಳೆಂಟು ವರ್ಷ ನಡೆಯಬಹುದು. ಬೆನ್ನುನೋವು, ರಕ್ತದೊತ್ತಡ, ಖಿನ್ನತೆ ಆರೈಕೆ ಮಾಡುವವರಿಗೂ ಬರುತ್ತವೆ.

ಇದಕ್ಕಿಂತ ಕಠಿಣವಾದುದು ಊರಿನ ಮಾತು. ಮರೆಗುಳಿ ರೋಗದಲ್ಲಿ ಹಿರಿಯರು ತಾವೇ ಎಲ್ಲಿಯೋ ಇಟ್ಟ ಹಣವನ್ನು ಮರೆತು ಸೊಸೆ ಕದ್ದಳೆನ್ನುವುದುಂಟು. ಉಂಡದ್ದನ್ನು ಮರೆತು, ಎರಡು ದಿನದಿಂದ ಉಪವಾಸ ಕೆಡವಿದ್ದಾರೆಂದು ದಾರಿಯಲ್ಲಿ ಹೋಗುವವರೆದುರು ಕಣ್ಣೀರಿಡುವುದುಂಟು. ಅವರು ಸುಳ್ಳು ಹೇಳುತ್ತಿಲ್ಲ. ನೆನಪಿನಲ್ಲಿ ಬಿದ್ದ ತೂತನ್ನು ಮಿದುಳು ತನಗೆ ತೋಚಿದ ಕಥೆಯಿಂದ ಮುಚ್ಚುತ್ತದೆ, ಅವರಿಗೆ ಅದೇ ಸತ್ಯವಾಗಿ ಕಾಣುತ್ತದೆ. ಕೇಳಿದವರು ಕಟ್ಟೆಯ ಮೇಲೆ ತೀರ್ಪು ಕೊಟ್ಟುಬಿಡುತ್ತಾರೆ. ಹಗಲಿರುಳು ದುಡಿದ ಹೆಣ್ಣುಮಗಳಿಗೆ ‘ಮುದುಕರಿಗೆ ಅನ್ನ ಹಾಕದವಳು’ ಎಂಬ ಹೆಸರು ಅಂಟುತ್ತದೆ. ಶ್ರಾವಣದ ಪುರಾಣ ಪ್ರವಚನಕ್ಕೆ ಅವಳು ಬರದಿದ್ದರೆ ‘ಭಕ್ತಿಯಿಲ್ಲ’ ಎನ್ನುವವರೂ ಇದ್ದಾರೆ. ಅವಳು ಬಂದರೆ ಮನೆಯಲ್ಲಿ ಮಾವನವರನ್ನು ಕಾಯುವವರು ಯಾರೆಂದು ಕೇಳಿದವರು ಕಡಿಮೆ.

ಹಿರಿಯರನ್ನು ನಿಜವಾಗಿಯೂ ಹಿಂಸಿಸುವ, ಉಪವಾಸವಿಡುವ ಮನೆಗಳೂ ಲೋಕದಲ್ಲಿವೆ, ಅದನ್ನು ಅಲ್ಲಗಳೆಯಲಾಗದು. ಆದ್ದರಿಂದ ದೂರನ್ನು ತಳ್ಳಿಹಾಕುವುದೂ ತಪ್ಪು, ಕೇಳಿದೊಡನೆ ನಂಬುವುದೂ ತಪ್ಪು. ಮನೆಗೆ ಹೋಗಿ ನೋಡಬೇಕು. ಹಿರಿಯರ ಮೈ, ಬಟ್ಟೆ, ಹಾಸಿಗೆ ಶುಚಿಯಾಗಿವೆಯೇ, ಮೈಮೇಲೆ ಗಾಯಗಳಿವೆಯೇ, ಔಷಧ ತಪ್ಪದೆ ಕೊಡುತ್ತಿದ್ದಾರೆಯೇ ಎಂಬುದು ಒಂದೆರಡು ಭೇಟಿಯಲ್ಲಿ ತಿಳಿಯುತ್ತದೆ. ಹಿರಿಯರ ರಕ್ಷಣೆಗೂ ಸೊಸೆಯ ಮಾನಕ್ಕೂ ಇದೊಂದೇ ನ್ಯಾಯದ ದಾರಿ.

ಮನೆಯಲ್ಲಿ ನಡೆದುಕೊಳ್ಳುವ ಬಗೆ

ಮರೆತವರೊಡನೆ ವಾದಿಸಿ ಗೆಲ್ಲಲಾಗದು. ‘ಆಗಲೇ ಹೇಳಿದೆನಲ್ಲ’, ‘ನಾನು ಯಾರು ಹೇಳು ನೋಡೋಣ’ ಎಂಬ ಮಾತುಗಳು ಅವರನ್ನು ನೋಯಿಸುತ್ತವೆ. ‘ನಾನು ನಿನ್ನ ಮಗ ಬಂದೀನಪ್ಪಾ’ ಎಂದು ನಾವೇ ಹೇಳಿಬಿಟ್ಟರೆ ಅವರ ಮನಸ್ಸಿನ ಭಾರ ಇಳಿಯುತ್ತದೆ. ಒಮ್ಮೆಗೆ ಒಂದೇ ಮಾತು, ಎದುರಿಗೆ ಕುಳಿತು, ನಿಧಾನವಾಗಿ ಹೇಳಬೇಕು. ಊರಿಗೆ ಹೋಗುವ ಹಟ ಹಿಡಿದರೆ, ‘ಆಗಲಿ, ಚಹಾ ಕುಡಿದು ಹೋಗೋಣ’ ಎಂದು ಮಾತು ತಿರುಗಿಸುವುದು ಬಾಗಿಲಿಗೆ ಅಡ್ಡ ನಿಲ್ಲುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ಬಹುಕಾಲದ ರೂಢಿಗಳು ಹೆಸರು, ದಿನ, ವಾರಗಳಿಗಿಂತ ತಡವಾಗಿ ಅಳಿಯುತ್ತವೆ. ಮೊಮ್ಮಗನ ಹೆಸರು ಮರೆತ ಅಜ್ಜಿ ವಿಭೂತಿ ಧರಿಸುವುದನ್ನು, ಭಜನೆಯ ಪದಕ್ಕೆ ತಾಳ ಹಾಕುವುದನ್ನು ಮರೆತಿರುವುದಿಲ್ಲ. ಇಂಥ ರೂಢಿಗಳನ್ನು ಕಸಿಯಬಾರದು. ದಿನಕ್ಕೆ ಮೂರು ಸಲ ಇಷ್ಟಲಿಂಗ ಪೂಜೆಗೆ ಕುಳಿತರೂ ಕುಳಿತುಕೊಳ್ಳಲಿ. ಕಾಳು ಹಸನು ಮಾಡುವುದು, ಹೂವು ಪೋಣಿಸುವುದು, ಬಟ್ಟೆ ಮಡಚುವುದು ಹೀಗೆ ಕೈಗೆ ತಿಳಿದ ಕೆಲಸ ಕೊಡಿ. ತಾನಿನ್ನೂ ಮನೆಗೆ ಬೇಕಾದವಳೆಂಬ ಭಾವ ಅದರಿಂದ ಉಳಿಯುತ್ತದೆ.

ಅಂಗಿಯ ಜೇಬಿನಲ್ಲಿ, ಸೀರೆಯ ಸೆರಗಿನ ತುದಿಯಲ್ಲಿ ಮನೆಯ ಫೋನ್ ಸಂಖ್ಯೆ ಬರೆದ ಚೀಟಿ ಹೊಲಿದಿಡಿ. ಒಲೆ, ಗ್ಯಾಸ್, ಕ್ರಿಮಿನಾಶಕದ ಡಬ್ಬಿ, ತೆರೆದ ಬಾವಿ ಇವುಗಳ ಬಗ್ಗೆ ಎಚ್ಚರವಿರಲಿ. ಹಿರಿಯರು ಕಾಣೆಯಾದರೆ ನಾಳೆಯವರೆಗೆ ಕಾಯಬೇಡಿ. ತಕ್ಷಣ 112ಕ್ಕೆ ಕರೆ ಮಾಡಿ. ಅನಂತ್ ನಾಗ್ ಅವರು ಆಲ್‌ಝೈಮರ್ ಪೀಡಿತ ತಂದೆಯಾಗಿ ಅಭಿನಯಿಸಿದ, 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಲನಚಿತ್ರದ ಹೆಸರೇ ಕಾಣೆಯಾದವರ ಪ್ರಕಟಣೆಯ ಒಕ್ಕಣೆಯಿಂದ ಬಂದದ್ದು. ಮನೆಮಂದಿ ಒಟ್ಟಿಗೆ ಕುಳಿತು ನೋಡಬಹುದಾದ ಚಿತ್ರವದು.

ದೊರೆಯುವ ನೆರವು

ಕುಕನೂರು ಭಾಗದವರು ಮೊದಲು ಸಮೀಪದ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ಮನೋವೈದ್ಯರ ಸೇವೆ ಕೊಡುವ ವ್ಯವಸ್ಥೆಯಿದೆ. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯರನ್ನು ಕೇಳಿ ತಿಳಿಯಿರಿ. ಹೆಚ್ಚಿನ ತಪಾಸಣೆಗೆ ಕೊಪ್ಪಳ ಮತ್ತು ಗದಗಿನ ಸರಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. 1845ರಷ್ಟು ಹಿಂದೆ ಆರಂಭವಾಗಿ ಇಂದು ಡಿಮ್ಹಾನ್ಸ್ ಎಂದು ಹೆಸರಾಗಿರುವ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಉತ್ತರ ಕರ್ನಾಟಕದವರಿಗೆ ಹತ್ತಿರದ ದೊಡ್ಡ ಆಸರೆ. ಬೆಂಗಳೂರಿನ ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯ ಸರಕಾರವು 2022ರಲ್ಲಿ ಮಿದುಳಿನ ಆರೋಗ್ಯಕ್ಕೆಂದೇ ‘ಕಾ-ಭಿ’ ಎಂಬ ಕಾರ್ಯಕ್ರಮವನ್ನು ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಭಾಗಗಳಲ್ಲಿ ಆರಂಭಿಸಿ, ಬಳಿಕ ಜಿಲ್ಲಾ ಆಸ್ಪತ್ರೆಗಳತ್ತ ವಿಸ್ತರಿಸಿದೆ. ಜಿಲ್ಲಾ ಆಸ್ಪತ್ರೆಗೆ ಹೋದಾಗ ‘ಬ್ರೇನ್ ಹೆಲ್ತ್ ಕ್ಲಿನಿಕ್’ ಎಂದು ಕೇಳಿ ನೋಡಿ.

ಮನೆಯಿಂದಲೇ ಮಾತನಾಡಬೇಕೆಂದರೆ 14416 ಸಂಖ್ಯೆಯ ಟೆಲಿ ಮನಸ್ ಇದೆ. ಕರೆ ಉಚಿತ, ಕನ್ನಡದಲ್ಲಿ ಮಾತನಾಡಬಹುದು. ಆರೈಕೆ ಮಾಡಿ ದಣಿದ ತಾಯಂದಿರು ತಮ್ಮ ದುಃಖವನ್ನು ಹೇಳಿಕೊಳ್ಳಲಿಕ್ಕೂ ಈ ಸಂಖ್ಯೆಯನ್ನು ಬಳಸಬಹುದು. ಹಿರಿಯ ನಾಗರಿಕರಿಗೆಂದೇ ಇರುವ ಸಹಾಯವಾಣಿ 14567. ಪಿಂಚಣಿ, ಕಾನೂನು, ನಿರ್ಗತಿಕ ಹಿರಿಯರ ರಕ್ಷಣೆ ಮೊದಲಾದ ವಿಷಯಗಳಿಗೆ ಇಲ್ಲಿ ಮಾರ್ಗದರ್ಶನ ಸಿಗುತ್ತದೆ. 65 ವರ್ಷ ದಾಟಿದ ಬಡ ಹಿರಿಯರು ಸಂಧ್ಯಾ ಸುರಕ್ಷಾ ಮಾಸಾಶನಕ್ಕೆ ನಾಡ ಕಚೇರಿಯಲ್ಲಿ ಅರ್ಜಿ ಕೊಡಬಹುದು.

ಆಸ್ತಿಯ ವಿಷಯದಲ್ಲಿ ಎಚ್ಚರ ಅಗತ್ಯ. ರೋಗ ಬಲಿತ ಮೇಲೆ ಹಿರಿಯರ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಳ್ಳುವುದು ಅಧರ್ಮ. 1872ರ ಕರಾರು ಕಾಯ್ದೆಯ ಪ್ರಕಾರ, ತಾನು ಮಾಡುತ್ತಿರುವುದೇನೆಂದು ಅರಿಯಲಾಗದ ಸ್ಥಿತಿಯಲ್ಲಿರುವವರು ಮಾಡಿದ ಕರಾರು ಊರ್ಜಿತವೂ ಅಲ್ಲ. ಹಿರಿಯರ ಬುದ್ಧಿ ಸ್ಪಷ್ಟವಾಗಿರುವಾಗಲೇ ಮೃತ್ಯುಪತ್ರ, ಬ್ಯಾಂಕಿನ ವ್ಯವಹಾರಗಳನ್ನು ಅವರ ಇಚ್ಛೆಯಂತೆ ಸರಿಪಡಿಸಿಕೊಂಡರೆ ಮುಂದಿನ ಜಗಳಗಳು ತಪ್ಪುತ್ತವೆ. ತಂದೆ ತಾಯಿಗಳ ಹಾಗೂ ಹಿರಿಯ ನಾಗರಿಕರ 2007ರ ಕಾಯ್ದೆಯಂತೆ, ಮಕ್ಕಳು ನೋಡಿಕೊಳ್ಳದಿದ್ದಲ್ಲಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ ಹಿಂಪಡೆಯಲಿಕ್ಕೂ ಅದರಲ್ಲಿ ಅವಕಾಶವಿದೆ.

ಬೇರೆಡೆಯವರು ಮಾಡಿದ್ದು

ಚಿಕ್ಕಮಕ್ಕಳಿಗೆ ಊರೂರಲ್ಲಿ ಅಂಗನವಾಡಿಗಳಿವೆ, ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ಬಂದಿವೆ. ಹಗಲು ಹೊತ್ತಿನಲ್ಲಿ ಹಿರಿಯರನ್ನು ನೋಡಿಕೊಳ್ಳುವ ಮನೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಅಪರೂಪ. ಬೆಂಗಳೂರಿನಲ್ಲಿ 1998ರಲ್ಲಿ ಸ್ಥಾಪನೆಯಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಮರೆಗುಳಿ ರೋಗಿಗಳಿಗೆ ಹಗಲು ಆರೈಕೆ ಕೇಂದ್ರಗಳನ್ನು ನಡೆಸುತ್ತ ಬಂದಿದೆ. ಆದರೆ ಅಂಥ ಕೇಂದ್ರ ಬರುವವರೆಗೆ ಹಳ್ಳಿ ಕೈಕಟ್ಟಿ ಕೂರಬೇಕಿಲ್ಲ ಎಂಬುದಕ್ಕೆ ಕೇರಳದ ನಿದರ್ಶನವಿದೆ. ಅಲ್ಲಿನ ಮಲಪ್ಪುರಂ ಜಿಲ್ಲೆಯಲ್ಲಿ ಸುಮಾರು ಎರಡೂವರೆ ದಶಕಗಳ ಹಿಂದೆ ಊರಿನ ಸಾಮಾನ್ಯ ಜನರೇ ತರಬೇತಿ ಪಡೆದು, ವಾರಕ್ಕೆ ಎರಡು ತಾಸಿನಷ್ಟು ಸಮಯವನ್ನು ಹಾಸಿಗೆ ಹಿಡಿದ ನೆರೆಹೊರೆಯವರಿಗೆ ಕೊಡುವ ಪದ್ಧತಿ ಆರಂಭಿಸಿದರು. ರಾಜ್ಯದ ಉದ್ದಗಲಕ್ಕೂ ಅದು ಹಬ್ಬಿತು. 2008ರಲ್ಲಿ ಕೇರಳ ಸರಕಾರ ಇದಕ್ಕಾಗಿಯೇ ಒಂದು ನೀತಿಯನ್ನು ರೂಪಿಸಿತು.

ಜಪಾನಿನ ಉದಾಹರಣೆ ನಮ್ಮ ಗಾದೆಯ ವಿಷಯಕ್ಕೆ ಹತ್ತಿರವಾದುದು. ಅಲ್ಲಿ ಈ ರೋಗಕ್ಕಿದ್ದ ಹಳೆಯ ಹೆಸರಿನಲ್ಲಿ ಮರುಳು, ಮೂಢತನ ಎಂಬ ಅರ್ಥವಿತ್ತು. ಅದು ರೋಗಿಗೆ ಅವಮಾನವೆಂದು ಸರಕಾರ 2004ರಲ್ಲಿ ಹೆಸರನ್ನೇ ಬದಲಿಸಿತು. ಮರುವರ್ಷ ಸಾಮಾನ್ಯ ಜನರಿಗೆ ಒಂದೂವರೆ ತಾಸಿನ ತಿಳಿವಳಿಕೆ ಶಿಬಿರಗಳು ಆರಂಭವಾದವು. ಅಂಗಡಿಯವರು, ಬ್ಯಾಂಕಿನವರು, ಶಾಲೆಯ ಮಕ್ಕಳು ಸೇರಿ ಒಂದು ಕೋಟಿಗೂ ಹೆಚ್ಚು ಮಂದಿ ಅದರಲ್ಲಿ ಪಾಲ್ಗೊಂಡಿದ್ದಾರೆ. ದಾರಿ ತಪ್ಪಿದ ಹಿರಿಯರನ್ನು ಗುರುತಿಸಿ ಮೃದುವಾಗಿ ಮಾತನಾಡಿಸುವುದು, ಮನೆಗೆ ಮುಟ್ಟಿಸುವುದು ಇಷ್ಟೇ ಅವರ ಸೇವೆ.

ಭಕ್ತರು ಮಾಡಬಹುದಾದ ದಾಸೋಹ

ಅನ್ನದ ದಾಸೋಹವನ್ನು ನಮ್ಮ ನಾಡಿಗೆ ಕಲಿಸಬೇಕಿಲ್ಲ. ಆರೈಕೆಯ ಮನೆಗೆ ಬೇಕಾಗಿರುವುದು ಸಮಯದ ದಾಸೋಹ. ನೆರೆಯ ಇಬ್ಬರು ಭಕ್ತರು ಸರದಿಯಂತೆ ವಾರಕ್ಕೆ ಎರಡು ತಾಸು ಆ ಹಿರಿಯರ ಬಳಿ ಕುಳಿತರೆ ಸಾಕು; ಸೊಸೆ ನಿದ್ದೆ ಮಾಡಬಹುದು, ತನ್ನ ಔಷಧಕ್ಕೆ ಹೋಗಬಹುದು, ಮಠದ ಶಿವಾನುಭವ ಗೋಷ್ಠಿಗೆ ಬರಬಹುದು. ‘ಏನಾದರೂ ಬೇಕಾದರೆ ಹೇಳವ್ವಾ’ ಎಂಬ ಮಾತಿಗೆ ಯಾರೂ ಬಾಯಿ ಬಿಡುವುದಿಲ್ಲ. ‘ಸೋಮವಾರ ನಾಲ್ಕಕ್ಕೆ ನಾನು ಬಂದು ಕೂಡುತ್ತೇನೆ’ ಎಂಬ ಮಾತಿನಿಂದ ಕೆಲಸವಾಗುತ್ತದೆ.

ಊರೂರಿನ ಅಕ್ಕನ ಬಳಗ, ಭಜನಾ ಮಂಡಳಿ, ಯುವಕ ಸಂಘಗಳು ತಮ್ಮ ಓಣಿಯಲ್ಲಿ ಇಂಥ ಮನೆಗಳು ಯಾವುವೆಂದು ಗೌಪ್ಯವಾಗಿ ತಿಳಿದುಕೊಳ್ಳಲಿ. ಭಜನೆಯನ್ನು ತಿಂಗಳಿಗೊಮ್ಮೆ ಆ ಮನೆಯ ಪಡಸಾಲೆಯಲ್ಲಿಯೇ ಮಾಡಲಿ. ಆಸ್ಪತ್ರೆಗೆ ಹೋಗುವ ದಿನ ಒಬ್ಬ ಯುವಕ ಜೊತೆಗೆ ಹೋಗಲಿ. ಜಾತ್ರೆ, ರಥೋತ್ಸವಗಳ ಜನಜಂಗುಳಿಯಲ್ಲಿ ಒಬ್ಬರೇ ಅಲೆಯುತ್ತಿರುವ ಹಿರಿಯರನ್ನು ಕಂಡರೆ ಕುಳ್ಳಿರಿಸಿ, ನೀರು ಕೊಟ್ಟು, ಜೇಬಿನ ಚೀಟಿ ನೋಡಿ, ಧ್ವನಿವರ್ಧಕದಲ್ಲಿ ತಿಳಿಸಲಿ. ದೂರದ ಊರುಗಳಲ್ಲಿರುವ ಮಕ್ಕಳು ಹಣ ಕಳಿಸುವುದರೊಡನೆ ವರ್ಷದಲ್ಲಿ ಕೆಲವು ವಾರ ಬಂದು ಆರೈಕೆಯ ಭಾರವನ್ನೂ ಹೊರಲಿ. ಹತ್ತು ನಿಮಿಷ ಮಾತನಾಡಿಸಿ, ‘ಅಪ್ಪ ಚೆನ್ನಾಗಿಯೇ ಇದ್ದಾರಲ್ಲ’ ಎಂದು ಹೇಳಿ ಹೋಗುವುದು ನೋಡಿಕೊಳ್ಳುವವರಿಗೆ ಮಾಡುವ ಅನ್ಯಾಯ.

ನಮ್ಮ ಮುಪ್ಪಿಗೂ ಈಗಲೇ ಸಿದ್ಧತೆ ಬೇಕು. ಮರೆಗುಳಿ ರೋಗದ ಅಪಾಯವನ್ನು ಹೆಚ್ಚಿಸುವ, ಬದಲಿಸಬಹುದಾದ 14 ಕಾರಣಗಳನ್ನು ಅಂತರರಾಷ್ಟ್ರೀಯ ತಜ್ಞರ ಸಮಿತಿಯೊಂದು 2024ರಲ್ಲಿ ಪಟ್ಟಿ ಮಾಡಿದೆ. ಬಿ.ಪಿ., ಸಕ್ಕರೆ ಕಾಯಿಲೆ, ಧೂಮಪಾನ, ಮದ್ಯಪಾನ, ಮೈಗೆ ಕೆಲಸವಿಲ್ಲದಿರುವುದು, ಶಿಕ್ಷಣದ ಕೊರತೆ, ಚಿಕಿತ್ಸೆ ಮಾಡಿಸದ ಕಿವುಡು, ಕಣ್ಣಿನ ದೋಷ, ಒಂಟಿತನ ಇವೆಲ್ಲ ಅದರಲ್ಲಿವೆ. ಹಿರಿಯರಿಗೆ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸುವುದು, ಶ್ರವಣಯಂತ್ರ ಕೊಡಿಸುವುದು, ದಿನವೂ ನಾಲ್ಕು ಜನರೊಡನೆ ಮಾತನಾಡಲು ಕಟ್ಟೆಗೆ ಕರೆತಂದು ಕೂರಿಸುವುದು ಮಿದುಳಿಗೂ ಔಷಧವೇ. ಹೆಣ್ಣುಮಕ್ಕಳನ್ನು ಓದಿಸುವುದು ಅರವತ್ತು ವರ್ಷಗಳ ನಂತರದ ಅವರ ನೆನಪಿಗೂ ಕಾವಲು.

ಸೆಪ್ಟೆಂಬರ್ 21ನ್ನು ವಿಶ್ವ ಆಲ್‌ಝೈಮರ್ ದಿನವೆಂದು ಆಚರಿಸಲಾಗುತ್ತದೆ. ಆ ದಿನಕ್ಕಾಗಿ ಕಾಯದೆ, ಇದನ್ನು ಓದಿದ ಭಕ್ತರು ಈ ವಾರವೇ ತಮ್ಮ ಓಣಿಯ ಒಂದು ಮನೆಗೆ ಹೋಗಿ ಬನ್ನಿ. ಹಿರಿಯರ ಕೈ ಹಿಡಿದು ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಹೊರಡುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತ ಆ ತಾಯಿಯನ್ನು ‘ನೀನು ಹೆಂಗಿದ್ದೀಯವ್ವಾ?’ ಎಂದು ಕೇಳುವುದನ್ನು ಮರೆಯಬೇಡಿ.